ಕ್ವೇಲ್ ಬಿರಡೆ ಉಗುಳಿದ ದಿನ

ಮನೆ ಸುಡಬೇಕಿದ್ದ ದಿನ ಬೆಳಗ್ಗೆ ನಾನು ಎಲ್ಲರಿಗಿಂತ ಮೊದಲೇ ಶೂಟಿಂಗಿನ ಜಾಗಕ್ಕೆ ಬಂದಿದ್ದೆ. ಹಾಲಿವುಡ್ಡಿನಾಚೆ ಸ್ಯಾನ್ ಫರ್ನಾಂಡೋ ಕಣಿವೆಯ ಒಣಹುಲ್ಲಿನ ದಿಬ್ಬದ ಮೇಲೆ ನಮ್ಮ ಬಡಗಿಗಳು ಕಟ್ಟಿದ ಎರಡಂತಸ್ತಿನ ಮರದ ಮನೆ ಎಳೆಬಿಸಿಲಿಗೆ ಹೊಳೆಯುತ್ತಿತ್ತು. ಕಿಟಕಿಗಳಿಗೆ ಪರದೆ, ಜಗಲಿಯಲ್ಲಿ ತೂಗುಕುರ್ಚಿ, ಅಡುಗೆಮನೆಯಲ್ಲಿ ನಿಜವಾದ ಒಲೆ. ಗೋಡೆಗಳ ಒಳಗೆ ಗ್ಯಾಸಿನ ಕೊಳವೆಗಳು. ನಾನು ಕೆಂಪು ಬಾವುಟ ಬೀಸಿದರೆ ಮುಗಿಯಿತು, ಊಟದ ಹೊತ್ತಿಗೆ ಅಲ್ಲಿ ಬೂದಿ ಮಾತ್ರ ಇರುತ್ತದೆ. ಇನ್ನೊಂದು ಮನೆ ಇರಲಿಲ್ಲ. ಆದ್ದರಿಂದ ಇನ್ನೊಂದು ಟೇಕೂ ಇರಲಿಲ್ಲ.

ಆಗ ನಾನು ನಿರ್ದೇಶಕ ಲ್ಯಾಂಬರ್ಟ್ ಕ್ವೇಲ್ ಅವರ ಮೊದಲ ಸಹಾಯಕ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಬಾವುಟವನ್ನು ಸರಿಯಾದ ಕ್ಷಣಕ್ಕೆ ಬೀಸುತ್ತೇನೋ ಇಲ್ಲವೋ ಎಂದು ಹಿಂದಿನ ರಾತ್ರಿಯೆಲ್ಲ ಹಾಸಿಗೆಯಲ್ಲಿ ಕೈ ಎತ್ತಿ ಇಳಿಸಿ ಅಭ್ಯಾಸ ಮಾಡಿದ್ದೆ. ಬಾವುಟದ ಜೊತೆ ನನ್ನ ಮೇಲಿದ್ದ ಇನ್ನೊಂದು ಹೊಣೆ ಬಿರಡೆಗಳದು. ನನ್ನ ಕೋಟಿನ ಎಡಜೇಬಿನಲ್ಲಿ ಯಾವಾಗಲೂ ನಾಲ್ಕಾರು ಬಾಟಲಿ ಬಿರಡೆಗಳು ಇರಬೇಕಿತ್ತು.

ಬಿರಡೆಯ ಕಥೆ ತಿಳಿಯಬೇಕಾದರೆ ಕ್ವೇಲ್ ಅವರ ಹಳೆಯ ದಿನಗಳನ್ನು ಸ್ವಲ್ಪ ಹೇಳಬೇಕು. ಅವರು ನೆಬ್ರಾಸ್ಕಾದ ಕಮ್ಮಾರನ ಮಗ. ಹಾಲಿವುಡ್ಡಿನ ತುಂಬ ಇನ್ನೂ ನಿಂಬೆ ತೋಟಗಳಿದ್ದಾಗ ಬಂದು, ಚಿತ್ರಗಳಲ್ಲಿ ಕುದುರೆಯ ಮೇಲಿಂದ ಬೀಳುವ ಕೆಲಸ ಹಿಡಿದರು. ಬೇರೆಯವರಿಗಿಂತ ಚೆನ್ನಾಗಿ ಬೀಳುತ್ತಿದ್ದರಂತೆ. ಒಂದು ದಿನ ನಿರ್ದೇಶಕ ಕುಡಿದು ಬಂಡಿಯ ಕೆಳಗೆ ಮಲಗಿದ್ದಾಗ ಯಾರೋ ಇವರ ಕೈಗೆ ತಗಡಿನ ಮೆಗಾಫೋನು ಕೊಟ್ಟರು. ಇವರು ಅದನ್ನು ವಾಪಸು ಕೊಡಲೇ ಇಲ್ಲ.

ಅದು ಮೂಕಿ ಚಿತ್ರಗಳ ಕಾಲ. ಕ್ಯಾಮೆರಾ ಓಡುತ್ತಿರುವಾಗಲೇ ನಿರ್ದೇಶಕ ಬಾಯಿಗೆ ಬಂದದ್ದನ್ನೆಲ್ಲ ಹೇಳಬಹುದಿತ್ತು. ಅಳಬೇಕಾದರೆ ಅಳಿಸುವ ಮಾತು, ಹೆದರಬೇಕಾದರೆ ಹೆದರಿಸುವ ಮಾತು. ಪಕ್ಕದಲ್ಲಿ ಒಬ್ಬ ಪಿಟೀಲು ಕುಯ್ಯುತ್ತಿದ್ದ. ಆ ವಿದ್ಯೆಯಲ್ಲಿ ಕ್ವೇಲ್ ಅವರನ್ನು ಮೀರಿಸುವವರು ಇರಲಿಲ್ಲ ಎನ್ನುತ್ತಾರೆ. ಆಮೇಲೆ ಟಾಕಿ ಬಂತು. ಹೂಕುಂಡದಲ್ಲಿ, ಟೋಪಿಯಲ್ಲಿ, ಎಲ್ಲೆಲ್ಲೂ ಮೈಕು. ಸೆಟ್ಟಿನಲ್ಲಿ ಯಾರಾದರೂ ಕೆಮ್ಮಿದರೂ ಟೇಕ್ ಹಾಳು. ಕ್ವೇಲ್ ಅವರಿಗೆ ಎಷ್ಟು ಹೇಳಿದರೂ ಬಾಯಿ ನಿಲ್ಲಲಿಲ್ಲ. ನಾಯಕಿ ಮೆಲ್ಲಗೆ ಪ್ರೇಮದ ಮಾತಾಡುತ್ತಿರುವಾಗ ಇವರ ದನಿ, "ಹಾಂ, ಈಗ ಅವನ ಕಡೆ ನೋಡಮ್ಮ!" ಕೊನೆಗೆ ಯಾರೋ ತಮಾಷೆಗೆ ಇವರ ಬಾಯಿಗೆ ಬಾಟಲಿಯ ಬಿರಡೆ ತುರುಕಿದರು. ಅದೇ ಅಭ್ಯಾಸವಾಯಿತು. "ಕ್ಯಾಮೆರಾ" ಎಂದ ಕೂಡಲೇ ಬಿರಡೆ ಹಲ್ಲಿನ ನಡುವೆ. "ಕಟ್" ಎನ್ನಲು ಮಾತ್ರ ಹೊರಗೆ. ಕಷ್ಟದ ದೃಶ್ಯವಿದ್ದ ದಿನ ಎರಡು ಮೂರು ಬಿರಡೆ ಪುಡಿಯಾಗುತ್ತಿದ್ದವು.

ಈ ಚಿತ್ರದಲ್ಲಿ ಮುಖ್ಯ ಪಾತ್ರ ಒಬ್ಬ ಮುದುಕಿಯದು. ರೈಲ್ವೆ ಕಂಪನಿ ತನ್ನ ಹೊಲ, ಮನೆ ಕಿತ್ತುಕೊಳ್ಳಲು ಬಂದಾಗ, ಅವರಿಗೆ ಬಿಟ್ಟುಕೊಡುವ ಬದಲು ತಾನೇ ಮನೆಗೆ ಬೆಂಕಿಯಿಡುತ್ತಾಳೆ. ಆ ಪಾತ್ರಕ್ಕೆ ಕ್ವೇಲ್ ಹಟ ಹಿಡಿದು ತಂದದ್ದು ಲಿಯೊನೋರಾ ಥ್ರೇಲ್ ಅವರನ್ನು. ಮೂಕಿ ಕಾಲದಲ್ಲಿ ಆಕೆಯ ಮುಖ ಕಾಣದ ಊರಿರಲಿಲ್ಲ. ಟಾಕಿ ಬಂದ ಮೇಲೆ ಆಕೆಯನ್ನು ಕರೆಯುವವರಿರಲಿಲ್ಲ. ಮೈಕು ಕಂಡರೆ ಆಕೆಗೆ ಈಗಲೂ ನಾಲಿಗೆ ಒಣಗುತ್ತಿತ್ತು. ಇಡೀ ಚಿತ್ರದಲ್ಲಿ ಪಾಠ ಒಪ್ಪಿಸುವ ಮಗುವಿನಂತೆ ನಿಂತಿದ್ದರು.

ನಮ್ಮ ನಿರ್ಮಾಪಕ ಪ್ರೆಂಟಿಸ್ ಅಕರ್ಲಿ ಅದನ್ನು ನೋಡಿಯೇ ಎಚ್ಚರಿಕೆ ಕೊಟ್ಟಿದ್ದ. ಮೂವತ್ತು ದಾಟಿರದ ಹುಡುಗ, ಒಳ್ಳೆಯ ಕಾಲೇಜು, ಒಳ್ಳೆಯ ಕೋಟು. ಕ್ವೇಲ್ ಅವರ ಹಿಂದಿನ ಎರಡು ಚಿತ್ರಗಳು ನೆಲಕಚ್ಚಿದ್ದವು. "ಬೆಂಕಿಯ ದೃಶ್ಯದಲ್ಲಿ ಆಯಮ್ಮನ ಮಾತು ಸರಿಯಾಗಿ ಬಂದ್ರೆ ಸರಿ," ಎಂದಿದ್ದ. "ಬರದಿದ್ರೆ ಚಿತ್ರ ನಿಮ್ಮ ಕೈಯಿಂದ ತಗೊಳ್ತೀನಿ ಮಿಸ್ಟರ್ ಕ್ವೇಲ್. ಬೇರೆ ನಟಿ, ಬೇರೆ ನಿರ್ದೇಶಕ. ಕೋಪ ಮಾಡ್ಕೋಬೇಡಿ." ಆ ಮಾತು, ಅಂದರೆ ಮುದುಕಿ ಉರಿಯುವ ಮನೆಯ ಮುಂದೆ ನಿಂತು ಹೇಳುವ ಒಂದು ಪುಟದ ಭಾಷಣ, ಅವನೇ ಪಟ್ಟುಹಿಡಿದು ಬರೆಸಿದ್ದು. ಚಿತ್ರದ ಅರ್ಥವೆಲ್ಲ ಅದರಲ್ಲೇ ಇದೆ ಎಂದು ಅವನ ನಂಬಿಕೆ.

ಬೆಳಗ್ಗೆಯೇ ಅಗ್ನಿಶಾಮಕದ ಅಧಿಕಾರಿ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದು, "ಮಧ್ಯಾಹ್ನ ಮರುಭೂಮಿ ಕಡೆಯಿಂದ ಗಾಳಿ ಏಳ್ತದೆ. ಎದ್ದಮೇಲೆ ನಾನು ಬೆಂಕಿಗೆ ಒಪ್ಪೋದಿಲ್ಲ. ಬೇಗ ಮುಗಿಸ್ಕೊಳ್ಳಿ," ಎಂದ.

ಎಲ್ಲರ ಕಾಲಿಗೂ ಚಕ್ರ ಕಟ್ಟಿದಂತಾಯಿತು. ಮೂರು ಕ್ಯಾಮೆರಾ, ನೀರಿನ ಲಾರಿಗಳು, ತಂತಿ ಎಳೆಯುವವರು, ಪರದೆಗಳಿಗೆ ಸೀಮೆಎಣ್ಣೆ ಚಿಮುಕಿಸುವವರು. ಸುದ್ದಿ ಹರಡಿ ಪಕ್ಕದ ಸೆಟ್ಟುಗಳಿಂದ ಕೌಬಾಯ್ ವೇಷದವರು, ರೋಮನ್ ಸೈನಿಕರು, ಎಲ್ಲ ಡೋನಟ್ ಕಚ್ಚುತ್ತಾ ಬೇಲಿಯ ಮೇಲೆ ಸಾಲಾಗಿ ಕೂತಿದ್ದರು. ಮನೆ ಸುಡುವುದೆಂದರೆ ನಮ್ಮೂರಿನಲ್ಲಿ ಹಬ್ಬ.

ಧ್ವನಿ ಹಿಡಿಯುವ ಸ್ಟೆನ್, ಕ್ವೇಲ್ ಅವರ ಹತ್ತಿರ ಬಂದು, "ಯಜಮಾನ್ರೇ, ಮೈಕು ಆ ಪೀಪಾಯಿ ಒಳಗಿದೆ. ನೀವು ಅದರಿಂದ ಒಂದೇ ಒಂದು ಮಾರು ದೂರ ನಿಂತಿದ್ದೀರಿ," ಎಂದ.

"ಅದಕ್ಕೆ?"

"ಅದಕ್ಕೆ ದೊಡ್ಡ ಬಿರಡೆ ಹಾಕ್ಕೊಳ್ಳಿ ಅಂತ."

"ಹೋಗೋ ಸ್ಟೆನ್, ನಿನ್ನ ಕಿವಿಗೂ ಒಂದು ಹಾಕ್ತೀನಿ."

ಲಿಯೊನೋರಾ ಪಾತ್ರದ ಮುದುಕಿಯ ಬಟ್ಟೆಯಲ್ಲಿ, ಏಪ್ರನ್ನಿನ ಅಂಚನ್ನು ತಿರುಚುತ್ತಾ ನಿಂತಿದ್ದರು. "ಲ್ಯಾಮ್, ಆ ಪೀಪಾಯಿ ಕಡೆ ನೋಡಿದ್ರೆ ಅದರೊಳಗೆ ಹಾವು ಕೂತ ಹಾಗೆ ಕಾಣುತ್ತೆ," ಎಂದರು.

"ಹಾವಲ್ಲ, ಸ್ಟೆನ್ ಕೂತಿದ್ದಾನೆ ಅಂದ್ಕೋ. ಅವನಿಗೆ ಹೆದರ್ತೀಯಾ? ಮಾತು ಬಾಯಿಪಾಠ ಇದೆ ತಾನೇ?"

"ರಾತ್ರಿಯೆಲ್ಲ ಕನ್ನಡಿಗೆ ಒಪ್ಪಿಸಿದ್ದೀನಿ. ಕನ್ನಡಿಗೇ ಬೇಜಾರಾಯ್ತು."

ಕ್ವೇಲ್ ಕೈ ಚಾಚಿದರು. ನಾನು ಬಿರಡೆ ಕೊಟ್ಟೆ. ಅವರು ಅದನ್ನು ಬಾಯಿಗೆ ಇಡುವ ಮುನ್ನ ನನ್ನ ಕಡೆ ತಿರುಗಿದರು.

"ಡೆಲ್, ಬಾವುಟ," ಎಂದರು.

ಬೀಸಿದೆ.

ಮೊದಲು ಏನೂ ಆಗಲಿಲ್ಲ. ಕೆಟ್ಟೆ ಎಂದುಕೊಂಡೆ. ಆಮೇಲೆ ಕೆಳಗಿನ ಕಿಟಕಿಗಳು ಒಳಗೊಳಗೇ ಕಿತ್ತಳೆ ಬಣ್ಣಕ್ಕೆ ತಿರುಗಿದವು, ಗಾಜು ಒಡೆಯಿತು, ಇಡೀ ಮನೆ ಒಂದು ಸಲ ಉಸಿರು ಎಳೆದುಕೊಂಡಂತೆ ಸದ್ದಾಗಿ ಬೆಂಕಿ ಮಹಡಿಗೆ ಹಾರಿತು. ಶಾಖ ಮುಖಕ್ಕೆ ಹೊಡೆಯಿತು. ಬೇಲಿಯ ಮೇಲಿನ ರೋಮನ್ನರು ಕೂಗದೆ ಇರಲು ಒಬ್ಬರ ಬಾಯಿ ಒಬ್ಬರು ಮುಚ್ಚಿದರು. ಕ್ವೇಲ್ ಬಿರಡೆ ಕಚ್ಚಿಕೊಂಡು ಕೈ ಬೀಸಿದರು. ಲಿಯೊನೋರಾ ಚೌಕಟ್ಟಿನೊಳಗೆ ನಡೆದು ಬಂದು ನೆಲದ ಗುರುತಿನ ಮೇಲೆ ನಿಂತರು. ಬಾಯಿ ತೆರೆದರು.

ಮಾತು ಬರಲಿಲ್ಲ.

ತುಟಿ ಅಲುಗಿತು, ನಿಂತಿತು. ಕಣ್ಣು ಪೀಪಾಯಿಯ ಮೇಲೆ ನೆಟ್ಟಿತು. ಪಾತ್ರದ ಮುದುಕಿ ಅಲ್ಲಿರಲಿಲ್ಲ. ಹೆದರಿದ ನಟಿಯೊಬ್ಬಳು ನಿಂತಿದ್ದಳು. ಹಿಂದೆ ಮನೆ ಧಗಧಗ ಉರಿಯುತ್ತಿತ್ತು, ಮೂರು ಕ್ಯಾಮೆರಾಗಳು ಓಡುತ್ತಿದ್ದವು. ನಾನು ಕ್ವೇಲ್ ಕಡೆ ನೋಡಿದೆ. "ಕಟ್" ಎನ್ನುವ ಅಧಿಕಾರ ಅವರೊಬ್ಬರದೇ. ಅವರು ಹಾಗೆಂದರೂ ಬೆಂಕಿ ನಿಲ್ಲುವುದಿಲ್ಲ. ಅವರ ದವಡೆ ಬಿಗಿಯಿತು. ಬಿರಡೆ ಕಟಕ್ಕೆಂದು ಎರಡು ತುಂಡಾಯಿತು. ಅವರು ಅದನ್ನು ಹುಲ್ಲಿಗೆ ಉಗುಳಿದರು.

"ಲಿಯೊ," ಎಂದರು. ಪಿಸುಮಾತಲ್ಲ, ಗಟ್ಟಿಯಾಗಿ. ಇಪ್ಪತ್ತು ವರ್ಷಗಳ ಹಿಂದಿನ ದನಿ. "ಭಾಷಣ ಹಾಳಾಗಿ ಹೋಗಲಿ. ತಿರುಗು. ಮನೆ ನೋಡು."

ಧ್ವನಿ ಲಾರಿಯೊಳಗೆ ಸ್ಟೆನ್ ಕಿವಿಯಿಂದ ಹೆಡ್‌ಫೋನ್ ಕಿತ್ತೆಸೆದದ್ದು ನನಗೆ ಕಂಡಿತು.

ಲಿಯೊನೋರಾ ಅವರ ಭುಜ ಸಡಿಲವಾಯಿತು. ತಿರುಗಿದರು.

"ಮಹಡಿ ಕಿಟಕಿ ನೋಡು. ನಿನ್ನ ಮಗ ಹುಟ್ಟಿದ್ದು ಆ ಕೋಣೇಲಿ. ಪರದೆ ಹತ್ತಿಕೊಳ್ತು ನೋಡು. ಯಾರು ಹೊಲಿದದ್ದು? ನೀನೇ. ಎಷ್ಟು ಬೇಗ ಉರೀತಲ್ಲ, ಛೇ... ಅಳಬೇಡ. ನೀನೇ ಹಚ್ಚಿದ್ದು, ಅಳೋದ್ಯಾಕೆ? ಗಲ್ಲ ಮೇಲೆತ್ತು. ಹಾಂ. ಈಗ... ಅಯ್ಯೋ ಲಿಯೊ, ಒಲೆ ಮೇಲೆ ಸಾರು ಇಟ್ಟು ಬಂದಿದ್ದೀಯ! ಉಕ್ಕಿ ಹೋಗುತ್ತೆ!"

ಆಕೆ ಓಡಿದರು. ನಿಜವಾಗಿ, ಏಪ್ರನ್ ಎತ್ತಿ ಹಿಡಿದು, ಉರಿಯುವ ಮನೆಯ ಕಡೆಗೆ ಎರಡು ಹೆಜ್ಜೆ. ಅಗ್ನಿಶಾಮಕದವರು ಎದ್ದು ನಿಂತರು. ಆಕೆ ಗಕ್ಕನೆ ನಿಂತರು. ತನ್ನ ಕೈ ನೋಡಿಕೊಂಡರು. ಪಾತ್ರೆ ಇಳಿಸಲು ಏಪ್ರನ್ನಿನ ಅಂಚನ್ನು ಮಡಚಿ ಹಿಡಿದ ಕೈ. ಆ ಮಡಿಕೆಯನ್ನು ಮೆಲ್ಲಗೆ ಬಿಡಿಸಿದರು, ತೊಡೆಯ ಮೇಲೆ ಸವರಿ ನೇರ ಮಾಡಿದರು. ಮುಖದಲ್ಲಿ ಏನೋ ಬಂತು. ನಗುವೋ ಅಳುವೋ ಹೇಳಲು ನನ್ನಲ್ಲಿ ಮಾತಿಲ್ಲ. ಹುಡುಕಿ ಹುಡುಕಿ ಸೋತಿದ್ದೇನೆ.

"ಸಾಕು ಮಗಳೇ," ಎಂದರು ಕ್ವೇಲ್. "ಹೋಗು. ತಿರುಗಿ ನೋಡಬೇಡ."

ಆಕೆ ಕ್ಯಾಮೆರಾ ದಾಟಿ ಹೋದರು. ಹಿಂದೆ ಸೂರು ಕುಸಿಯಿತು.

"ಕಟ್!"

ಬೇಲಿ ಮುರಿಯುವ ಹಾಗೆ ಚಪ್ಪಾಳೆ. ರೋಮನ್ ಸೈನಿಕರು ಶಿರಸ್ತ್ರಾಣ ಹಾರಿಸಿದರು. ಕ್ವೇಲ್ ಲಿಯೊನೋರಾ ಅವರನ್ನು ಎತ್ತಿ ಗಿರಗಿರ ತಿರುಗಿಸಿದರು. "ಇಳಿಸೋ ಮುದಿಯಾ, ಬೆನ್ನು ಮುರೀತದೆ!" "ಯಾರ ಬೆನ್ನು?" "ನಿಂದೇ!"

ಆಗ ಸ್ಟೆನ್ ಲಾರಿಯಿಂದ ಇಳಿದು ನಿಧಾನವಾಗಿ ನಡೆದು ಬಂದ. ಅವನ ಮುಖ ನೋಡಿ ಚಪ್ಪಾಳೆ ನಿಂತಿತು.

"ಧ್ವನಿ ಇಲ್ಲ ಯಜಮಾನ್ರೇ," ಎಂದ. "ಅಂದ್ರೆ ಇದೆ. ಪೂರ್ತಿ ನೀವೇ ಇದ್ದೀರಿ. ಆಯಮ್ಮಂದು ಒಂದಕ್ಷರ ಇಲ್ಲ."

ಹಿಂದೆ ಮನೆ ಚಟಪಟ ಎನ್ನುತ್ತಿತ್ತು. ಮನೆಯ ಕಡೆ ತಿರುಗಿದ ಮೇಲೆ ಆಕೆಯ ತುಟಿ ಅಲುಗಿಯೇ ಇರಲಿಲ್ಲವಾದ್ದರಿಂದ ಆಮೇಲೆ ಭಾಷಣ ಓದಿಸಿ ಅಂಟಿಸುವ ಹಾಗೂ ಇರಲಿಲ್ಲ. ಲಿಯೊನೋರಾ ಬಾಯಿಗೆ ಕೈ ಹಿಡಿದರು. "ನನ್ನಿಂದ, ಲ್ಯಾಮ್. ನನ್ನಿಂದ ನಿನ್ನ ಚಿತ್ರ ಹೋಯ್ತು."

"ನಿನ್ನಿಂದ ಚಿತ್ರ ಬಂತು ಕಣೇ," ಎಂದರು ಕ್ವೇಲ್. ಆದರೆ ಮುಖ ಬಿಳಿಚಿಕೊಂಡಿತ್ತು.

ಸ್ಟೆನ್ ಕತ್ತು ಕೆರೆದುಕೊಂಡ. "ನಾಳೆ ಅಕರ್ಲಿ ನೋಡೋಕೆ ಬರ್ತಾನಲ್ಲ. ಧ್ವನಿ ಇನ್ನೂ ಲ್ಯಾಬಿಂದ ಬಂದಿಲ್ಲ ಅಂತೀನಿ. ಚಿತ್ರ ಮಾತ್ರ ತೋರಿಸಿ."

"ಸುಳ್ಳು ಹೇಳೋದು ಸರಿಯಾ?" ಎಂದು ನಾನು ಕೇಳಿಬಿಟ್ಟೆ.

"ಡೆಲ್, ನೀನು ಸತ್ತಮೇಲೆ ಸ್ವರ್ಗದ ಬಾಗಿಲಲ್ಲೂ ಕಾಲೊರೆಸಿಕೊಂಡು ನಿಂತಿರ್ತೀಯ ಕಣೋ," ಎಂದರು ಕ್ವೇಲ್. ಆಮೇಲೆ ಸ್ಟೆನ್ ಕಡೆ ತಿರುಗಿ, "ಸುಳ್ಳು ಬೇಡ. ಮೊದಲು ಅವನ ಕಣ್ಣಿಗೆ ತೋರಿಸೋಣ. ಕಿವಿಗೆ ನಾನೇ ಹೇಳ್ತೀನಿ," ಎಂದರು.

ಮರುದಿನ ಮಧ್ಯಾಹ್ನ ಸ್ಟುಡಿಯೋದ ಸಣ್ಣ ಪ್ರದರ್ಶನ ಕೋಣೆಯಲ್ಲಿ ಅಕರ್ಲಿ ಸ್ಯಾಂಡ್‌ವಿಚ್ ಹಿಡಿದು ಕೂತ. ಕತ್ತಲಾಯಿತು. ಬೆಂಕಿ ಎದ್ದಿತು, ಸದ್ದಿಲ್ಲದೆ. ನಾನು ತೆರೆ ನೋಡಲಿಲ್ಲ, ಅವನನ್ನೇ ನೋಡುತ್ತಿದ್ದೆ. ಆಕೆ ಒಲೆಯ ಕಡೆ ಓಡಿ ನಿಂತಾಗ ಅವನ ದವಡೆ ಅಗಿಯುವುದನ್ನು ನಿಲ್ಲಿಸಿತು. ದೀಪ ಬಂದಾಗಲೂ ಕಚ್ಚಿದ ತುಂಡು ಬಾಯಲ್ಲೇ ಇತ್ತು.

ನುಂಗಿ, "ಮಾತು ಎಲ್ಲಿ?" ಎಂದ.

"ಮಾತಿಲ್ಲ ತಮ್ಮಾ," ಎಂದರು ಕ್ವೇಲ್. "ಆಕೆ ಆಡಲಿಲ್ಲ. ನಾನು ಆಡಿದೆ." ನಡೆದದ್ದನ್ನೆಲ್ಲ ಹೇಳಿದರು, ಬಿರಡೆ ಉಗುಳಿದ್ದನ್ನೂ ಬಿಡದೆ.

ಅಕರ್ಲಿ ಎದ್ದ. "ಮಿಸ್ಟರ್ ಕ್ವೇಲ್, ಇದು ಮೂಕಿ ಕಾಲ ಅಲ್ಲ! ಜನ ಈಗ ಹಳೇ ಮೂಕಿ ನೋಡಿ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಆಕೆ ಯಾಕೆ ಮನೆ ಕಡೆ ಓಡಿದ್ದು? ಯಾಕೆ ಏಪ್ರನ್ ಸವರಿದ್ದು? ಹೇಳೋರು ಯಾರು?"

"ನಿನಗೆ ಅರ್ಥವಾಗಲಿಲ್ಲವಾ?"

"ನನಗೆ..." ಅವನು ತಡೆದ. "ನನ್ನ ಮಾತು ಬಿಡಿ. ನಾನು ಸಿನಿಮಾದವನು."

"ಹಾಗಾದರೆ ಸಿನಿಮಾದವರಲ್ಲದವರಿಗೆ ತೋರಿಸು."

ಇಬ್ಬರೂ ಕಣ್ಣು ಮಿಟುಕಿಸದೆ ನಿಂತರು. ಕೊನೆಗೆ ಅಕರ್ಲಿ ಹೇಳಿದ: "ಸರಿ. ನಿಮ್ಮ ದನಿ ತೆಗೆದು ಬೆಂಕಿ ಸದ್ದು ಹಾಕಿ. ಗ್ಲೆಂಡೇಲ್ ಊರಲ್ಲಿ ಹೇಳದೆ ಕೇಳದೆ ಜನಕ್ಕೆ ತೋರಿಸೋಣ. ಆ ದೃಶ್ಯಕ್ಕೆ ಹಾಲ್ ನಕ್ಕರೆ, ಒಂದೇ ಒಂದು ನಗು ಕೇಳಿಸಿದ್ರೂ, ಚಿತ್ರ ನಂದು. ಬೇರೆ ನಿರ್ದೇಶಕನ ಕೈಲಿ ಭಾಷಣದ ದೃಶ್ಯ ಹೊಸದಾಗಿ ತೆಗೆಸ್ತೀನಿ. ಒಪ್ಪಿಗೆಯಾ?"

"ಒಪ್ಪಿಗೆ," ಎಂದರು ಕ್ವೇಲ್.

ಹೀಗೆ ಮುಂಚೆ ತೋರಿಸುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಯಾವುದೋ ಚಿತ್ರಕ್ಕೆಂದು ಬಂದ ಜನರನ್ನು ಕೂರಿಸಿಕೊಂಡು, ಇನ್ನೂ ಹೆಸರು ಗಟ್ಟಿಯಾಗದ ಚಿತ್ರ ತೋರಿಸುತ್ತಾರೆ. ಜನರಿಗೆ ದಾಕ್ಷಿಣ್ಯವಿರುವುದಿಲ್ಲ. ಅಲ್ಲಿ ಒಂದು ಕೆಮ್ಮಿಗೂ ಅರ್ಥವಿದೆ.

ಗ್ಲೆಂಡೇಲಿನ ಥಿಯೇಟರಿನಲ್ಲಿ ಆ ಶನಿವಾರ ಸಂಜೆಯ ಆಟಕ್ಕೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಪಾಪ್‌ಕಾರ್ನ್ ತಿನ್ನುವ ಪಡ್ಡೆ ಹುಡುಗರ ಒಂದು ದಂಡೇ ಮುಂದೆ ಕೂತಿತ್ತು. ಮೊದಲು ನಗುವವರು ಇವರೇ ಎಂದುಕೊಂಡೆ. ಹಿಂದಿನ ಸಾಲಿನಲ್ಲಿ ನಾನು, ಪಕ್ಕದಲ್ಲಿ ಕ್ವೇಲ್, ಅವರಾಚೆ ಮುಖಕ್ಕೆ ಜಾಲರಿ ಇಳಿಬಿಟ್ಟ ಟೋಪಿಯಲ್ಲಿ ಲಿಯೊನೋರಾ. ಅಕರ್ಲಿ ನಮ್ಮ ಮುಂದಿನ ಸಾಲಿನಲ್ಲಿ, ಸರಿಯಾಗಿ ಕ್ವೇಲ್ ಅವರ ಮುಂದೆ.

"ಲ್ಯಾಮ್, ನಾನು ಎದ್ದು ಹೋಗ್ತೀನಿ," ಎಂದರು ಲಿಯೊನೋರಾ.

"ಎದ್ದರೆ ಹೆಸರು ಹಿಡಿದು ಕೂಗ್ತೀನಿ. ಕೂತ್ಕೋ."

ಚಿತ್ರ ಮುಂದೆ ಮುಂದೆ ಹೋಯಿತು. ಚೆನ್ನಾಗಿಯೇ ಹೋಯಿತು ಎನಿಸಿತು, ಆದರೆ ನನ್ನ ಎಣಿಕೆಯ ಮೇಲೆ ನನಗೆ ಎಂದೂ ಭರವಸೆಯಿಲ್ಲ. ಕೊನೆಗೆ ರೈಲ್ವೆಯವರು ಬಂದರು, ಮುದುಕಿ ಕಡ್ಡಿ ಗೀರಿದಳು. ಬೆಂಕಿಯ ಸದ್ದು ಹಾಲ್ ತುಂಬಿತು. ತೆರೆಯ ಮೇಲೆ ಲಿಯೊನೋರಾ ತಿರುಗಿ ಮನೆ ನೋಡಿದರು.

ಕ್ವೇಲ್ ಮುಂದಕ್ಕೆ ಬಾಗಿದರು. ತುಟಿ ಅಲುಗುತ್ತಿತ್ತು. "ಮಹಡಿ ಕಿಟಕಿ... ಹಾಂ... ಪರದೆ..." ನಾನು ಅವರ ತೋಳು ಅಮುಕಿದೆ. ಅವರಿಗೆ ಗೊತ್ತೇ ಆಗಲಿಲ್ಲ. "ಗಲ್ಲ ಮೇಲೆ... ಈಗ... ಸಾರು ಉಕ್ತು, ಸಾರು!"

ಆಕೆ ಏಪ್ರನ್ ಎತ್ತಿ ಓಡಿದರು.

ಹಾಲ್ ನಕ್ಕಿತು.

ಒಂದು ನಗುವಲ್ಲ. ಪಡ್ಡೆ ಹುಡುಗರು ನಕ್ಕರು, ನಡುವಿನ ಸಾಲಿನ ಹೆಂಗಸರು ನಕ್ಕರು, ಎಲ್ಲೋ ಮೂಲೆಯಲ್ಲಿ ಒಬ್ಬ ಗಂಡಸು ಗಟ್ಟಿಯಾಗಿ ನಕ್ಕ. ಲಿಯೊನೋರಾ ಮುಖ ಮುಚ್ಚಿಕೊಂಡರು. ಮುಗಿಯಿತು, ಮುದುಕನ ಮೂವತ್ತು ವರ್ಷದ ದುಡಿಮೆ ಗ್ಲೆಂಡೇಲಿನ ಪಾಪ್‌ಕಾರ್ನಿನ ಜೊತೆ ಮುಗಿಯಿತು ಎಂದುಕೊಂಡೆ.

ತೆರೆಯ ಮೇಲೆ ಆಕೆ ಗಕ್ಕನೆ ನಿಂತರು. ತನ್ನ ಕೈ ನೋಡಿಕೊಂಡರು.

ನಗು ನಿಂತಿತು. ಮೆಲ್ಲಗೆ ಅಲ್ಲ, ಯಾರೋ ಕತ್ತರಿಸಿದಂತೆ. ಸಾವಿರ ಜನ ಒಟ್ಟಿಗೆ ಉಸಿರು ಹಿಡಿದರೆ ಹೇಗಿರುತ್ತದೆಂದು ನಾನು ಅಂದು ಕೇಳಿದೆ. ಬೆಂಕಿ ಮಾತ್ರ ಚಟಪಟ. ಆಕೆ ಏಪ್ರನ್ನಿನ ಮಡಿಕೆ ಬಿಡಿಸಿ, ತೊಡೆಯ ಮೇಲೆ ಸವರಿದರು. ಪಡ್ಡೆ ಹುಡುಗರಲ್ಲೊಬ್ಬ ಮೂಗು ಎಳೆದುಕೊಂಡ ಸದ್ದು ಹಿಂದಿನ ಸಾಲಿಗೂ ಬಂತು.

"ಸಾಕು ಮಗಳೇ," ಎಂದರು ಕ್ವೇಲ್, ಸಾಕಷ್ಟು ಗಟ್ಟಿಯಾಗಿಯೇ. "ಹೋಗು. ತಿರುಗಿ..."

ಮುಂದಿನ ಸಾಲಿನಲ್ಲಿ ಅಕರ್ಲಿ ಸರಕ್ಕನೆ ತಿರುಗಿದ. ಕರಾರು ನೆನಪಿಸಲೆಂದೇ ತಿರುಗಿದ್ದಾನೆ, ನಗು ಕೇಳಿಸಿತಲ್ಲ ಎನ್ನುತ್ತಾನೆ ಎಂದು ನಾನು ಕುರ್ಚಿಯ ತೋಳು ಹಿಡಿದೆ. ತೆರೆಯ ಬೆಳಕಿನಲ್ಲಿ ಅವನ ಕೆನ್ನೆ ಒದ್ದೆಯಾಗಿತ್ತು. ಹಿಂದೆ ಕೂತದ್ದು ಯಾರೆಂದೂ ಅವನಿಗೆ ಆ ಕ್ಷಣ ನೆನಪಿರಲಿಲ್ಲ.

"ಶ್! ಏನ್ರೀ ನೀವು!" ಎಂದು ಹಲ್ಲು ಕಚ್ಚಿ ಗದರಿದ. "ಬಾಯಿ ಮುಚ್ಕೊಂಡು ಕೂತ್ಕೊಳ್ರೀ! ನೋಡೋಕೆ ಬಿಡಿ!"

ಹೇಳಿ ಮತ್ತೆ ತೆರೆಯ ಕಡೆ ತಿರುಗಿಬಿಟ್ಟ. ಒಂದು ಗಳಿಗೆ ಕಳೆದ ಮೇಲೆ, ಯಾರಿಗೆ ಹೇಳಿದೆನೆಂದು ಹೊಳೆದಿರಬೇಕು, ಅವನ ಕತ್ತು ಮೆಲ್ಲಮೆಲ್ಲಗೆ ಕಾಲರಿನೊಳಗೆ ಇಳಿಯತೊಡಗಿತು.

ಕ್ವೇಲ್ ಹಿಂದಕ್ಕೆ ಒರಗಿದರು. ಭುಜ ಕುಣಿಯುತ್ತಿತ್ತು, ನಗು ತಡೆಯಲಾರದೆ ಮುಷ್ಟಿ ಕಚ್ಚುತ್ತಿದ್ದರು. ಕತ್ತಲಲ್ಲಿ ಎಡಗೈ ನನ್ನ ಕಡೆ ಚಾಚಿದರು. ನಾನು ಜೇಬಿಗೆ ಕೈ ಹಾಕಿ, ಇದ್ದುದರಲ್ಲಿ ದೊಡ್ಡ ಬಿರಡೆ ಹುಡುಕಿ ಕೊಟ್ಟೆ.